ಯಾವ ನೀರು ಹಾಕ್ತೀರಾ ಸಾರ್?

ಕಡಲೆಕಾಯಿ ಪರಿಷೆ ನಡೆಯೋ ಸಂಜೆ ಗಾಂಧಿ ಬಜಾರ್ ಕಡೆ ಗಾಡಿ ತಗೊಂಡು ಹೋಗಬಾರದು ಅನ್ನೋದು ಬಸವನಗುಡಿಯಲ್ಲಿ ಒಂದು ವರ್ಷ ಬಾಡಿಗೆಗಿದ್ದವರಿಗೂ ಗೊತ್ತು. ನಾನು ಹೋದೆ. ಅದೂ ಹಳೇ ಮ್ಯಾಟಡಾರ್‌ನಲ್ಲಿ. ಮೂವರು ಗೆಳೆಯರು ದುಡ್ಡು ಹಾಕಿ ಕೊಂಡು, ಒಳಗೆ ಮಲಗೋಕೆ ಹಲಗೆ, ಒಂದು ಗ್ಯಾಸ್ ಒಲೆ, ಸಿಂಕು ಕೂರಿಸಿ ಅದಕ್ಕೆ ‘ಕ್ಯಾಂಪರ್ ವ್ಯಾನ್’ ಅಂತ ಹೆಸರಿಟ್ಟಿದ್ವಿ. ಈ ಗಾಡಿಯಲ್ಲಿ ಎಂಜಿನ್ ಇರೋದು ಡ್ರೈವರ್ ಪಕ್ಕದಲ್ಲೇ, ಒಂದು ಮುಚ್ಚಳದ ಕೆಳಗೆ. ಹಾಗಾಗಿ ಅದಕ್ಕೆ ಜ್ವರ ಬಂದರೆ ಮೀಟರ್ ನೋಡೋಕೆ ಮುಂಚೆ ನಮ್ಮ ಮಂಡಿಗೆ ಗೊತ್ತಾಗುತ್ತೆ. ಮಂಡಿ ಸುಟ್ಟಿತು, ಮುಳ್ಳು ಕೆಂಪಿಗೆ ಹೋಯಿತು, ಮುಂದಿನಿಂದ ಹಬೆ ಎದ್ದಿತು. ಕಡಲೆಕಾಯಿ ಬೇಯಿಸುತ್ತಿದ್ದ ಅಜ್ಜಿ ನನ್ನ ಕಡೆ ನೋಡಿ ನಕ್ಕರು.

ಮೊದಲು ತೋರಿಸಿದ ಗ್ಯಾರೇಜಿನವರು ಹತ್ತೇ ನಿಮಿಷದಲ್ಲಿ ತೀರ್ಪು ಕೊಟ್ಟರು: ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು, 40,000 ಆಗುತ್ತೆ. ಆಫೀಸಿನಲ್ಲಿ ಲಾಗ್ ನೋಡದೆ ಸರ್ವರ್ ಬದಲಾಯಿಸಿ ಅನ್ನೋರ ಥರ. ನನಗೆ ಒಪ್ಪಿಗೆಯಾಗಲಿಲ್ಲ. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ರೇಡಿಯೇಟರ್ ಕೆಲಸ ಮಾತ್ರ ಮಾಡೋ ವಯಸ್ಸಾದ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಬಾನೆಟ್ಟನ್ನೂ ಮುಟ್ಟದೆ ಕೇಳಿದ್ದು ಒಂದೇ: “ಮನೆ ಎಲ್ಲಿ? ಇದಕ್ಕೆ ಯಾವ ನೀರು ಹಾಕ್ತೀರಾ ಸಾರ್?”

ಇದು ಕಾರಿನಷ್ಟೇ ಹಳೇ ಪ್ರಶ್ನೆ. 1886ರ ಕಾರ್ಲ್ ಬೆಂಜ್‌ನ ಗಾಡಿಗೆ ರೇಡಿಯೇಟರೇ ಇರಲಿಲ್ಲ. ಎಂಜಿನ್ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗೋದು, ಮತ್ತೆ ತುಂಬೋದು, ಅಷ್ಟೇ. 1888ರಲ್ಲಿ ಅವನ ಹೆಂಡತಿ ಬರ್ಥಾ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ 100 ಕಿಲೋಮೀಟರಿನಷ್ಟು ದೂರ ಗಾಡಿ ಓಡಿಸಿದಾಗ, ದಾರಿಯುದ್ದಕ್ಕೂ ಸಿಕ್ಕ ಸಿಕ್ಕಲ್ಲಿ ನೀರು ತುಂಬಿಕೊಳ್ಳಬೇಕಾಯಿತು. 1901ರ ಮರ್ಸಿಡಿಸ್ ಕಾರಿಗೆ ವಿಲ್‌ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 8,000ಕ್ಕೂ ಹೆಚ್ಚು ಸಣ್ಣ ಕೊಳವೆಗಳು, ಅವುಗಳೊಳಗೆ ಗಾಳಿ, ಸುತ್ತ ನೀರು. ಅದರಲ್ಲಿ ಅದೇ ನೀರು ಸುತ್ತಿ ಸುತ್ತಿ ಬರುತ್ತಿತ್ತು. ಆಮೇಲೆ ಬಂದದ್ದು ಒತ್ತಡ ಹಿಡಿಯೋ ಮುಚ್ಚಳ. ಸಮುದ್ರದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಮುಚ್ಚಳ ಒತ್ತಡ ಹಿಡಿದರೆ ಅದು 100 ದಾಟಿದರೂ ಕುದಿಯೋದಿಲ್ಲ, ಪ್ರೆಶರ್ ಕುಕ್ಕರ್ ಥರ. ಮುಚ್ಚಳದ ರಬ್ಬರ್ ಸವೆದರೆ ನಮ್ಮೂರಲ್ಲಿ ಕರಾವಳಿಗಿಂತ ಮೊದಲೇ ಹಬೆ ಏಳುತ್ತೆ.

ಮೇಸ್ತ್ರಿ ಮೊದಲು ನೋಡಿದ್ದೂ ಆ ರಬ್ಬರನ್ನೇ, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. (ಬಿಸಿ ಇರೋವಾಗ ಮುಚ್ಚಳ ತೆಗೆದ ಗುರುತು ಅವರ ಮುಂಗೈ ಮೇಲಿದೆ. ತೋರಿಸಿದರು.) ರಬ್ಬರ್ ಸರಿ ಇತ್ತು. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿಸಿದರು. ಗ್ಯಾಸ್ಕೆಟ್ ಹೋಗಿದ್ದರೆ ಬಾಯಲ್ಲಿ ಒಂದೇ ಸಮ ಗುಳ್ಳೆ ಏಳಬೇಕು, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿರಬೇಕು. ಎರಡೂ ಇಲ್ಲ. “ಗುಡ್ಡ ಹತ್ತುವಾಗಲೂ ಏರುತ್ತಾ, ಟ್ರಾಫಿಕ್‌ನಲ್ಲಿ ಮಾತ್ರನಾ?” ಅಂದರು. ಎರಡರಲ್ಲೂ ಏರುತ್ತೆ ಅಂದೆ. ನಿಂತಾಗ ಮಾತ್ರ ಏರಿದರೆ ಮೊದಲ ಅನುಮಾನ ಫ್ಯಾನು, ಬೆಲ್ಟಿನ ಮೇಲೆ. ಎರಡರಲ್ಲೂ ಏರಿದರೆ ನೀರಿನ ದಾರಿಯನ್ನೇ ನೋಡಬೇಕು. ಥರ್ಮೋಸ್ಟಾಟ್ ಬಿಚ್ಚಿ ಚಾ ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿದರು. ಅದು ಬಾಯಿ ಬಿಟ್ಟಿತು. ಎಲ್ಲ ಜೋಡಿಸಿ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ರೇಡಿಯೇಟರಿನ ಮೈ ಮೇಲೆ ಅಂಗೈ ಹತ್ತಿರ ಹಿಡಿದು ಮೇಲಿಂದ ಕೆಳಗೆ ತಂದರು. “ನೀವೂ ಹಿಡೀರಿ ಸಾರ್.” ಅಂಚಲ್ಲಿ ಕಾವು, ನಡುವೆ ಅಂಗೈ ಅಗಲ ತಣ್ಣಗೆ. ಅಲ್ಲಿ ನೀರೇ ಹರಿಯುತ್ತಿರಲಿಲ್ಲ.

ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕ್ ಎತ್ತಿದರು. ಹಿತ್ತಾಳೆ ಕೊಳವೆಗಳ ಬಾಯಿಗೆ ಬೆಳ್ಳಗೆ ಸುಣ್ಣ ಮೆತ್ತಿಕೊಂಡಿತ್ತು, ಬಚ್ಚಲ ಹಂಡೆಯೊಳಗೆ ಕಟ್ಟೋ ಥರ.

ಬೆಂಗಳೂರಿನ ನೀರಿನ ಚರಿತ್ರೆ ಗೊತ್ತಿದ್ದರೆ ಆ ಸುಣ್ಣಕ್ಕೆ ತಾರೀಖು ಹಾಕಬಹುದು. ಒಂದು ಕಾಲಕ್ಕೆ ಪೇಟೆಯ ಜನ ಧರ್ಮಾಂಬುಧಿ, ಸಂಪಂಗಿ ಥರದ ಕೆರೆಗಳನ್ನೂ ಬಾವಿಗಳನ್ನೂ ನಂಬಿದ್ದರು. ಒಂದರ ಮೇಲೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಇನ್ನೊಂದರ ಮೇಲೆ ಕಂಠೀರವ ಕ್ರೀಡಾಂಗಣ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಹೆಸರಘಟ್ಟದ ಜಲಾಶಯ ಕಟ್ಟಿದರು. ನೀರು ಇಟ್ಟಿಗೆಯ ಕಾಲುವೆಯಲ್ಲಿ ಹರಿದು ಬಂದು, ಸೋಲದೇವನಹಳ್ಳಿಯ ಉಗಿ ಪಂಪುಗಳಿಂದ ಮೇಲೇರಿ ಊರು ಸೇರುತ್ತಿತ್ತು. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ಹೊತ್ತಿಗೆ. ಅಂದರೆ ಈ ಬಡಾವಣೆಗಳೂ ನಲ್ಲಿ ನೀರೂ ಹೆಚ್ಚುಕಮ್ಮಿ ಒಂದೇ ವಾರಗೆಯವು. 1933ಕ್ಕೆ ತಿಪ್ಪಗೊಂಡನಹಳ್ಳಿ, 1974ಕ್ಕೆ ತೊರೆಕಾಡನಹಳ್ಳಿಯಿಂದ 100 ಕಿಲೋಮೀಟರು ಏರಿ ಬಂದ ಕಾವೇರಿ. ಇದೆಲ್ಲ ಮಳೆಯಿಂದ ನೇರ ಹರಿದು ಬಂದ ಸಿಹಿ ನೀರು. ಊರು ಪೈಪಿಗಿಂತ ಜೋರಾಗಿ ಬೆಳೆದ ಮೇಲೆ ಹೊಸ ಬಡಾವಣೆಗಳು ಬೋರು, ಟ್ಯಾಂಕರು ನಂಬಿದವು. ಬಂಡೆ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ಆ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರುತ್ತೆ, ಕಾದಾಗ ಸುಣ್ಣವಾಗಿ ಕೂರುತ್ತೆ. ನಮ್ಮ ವ್ಯಾನ್ ನಿಲ್ಲೋದು ಊರಾಚೆಯ ಗೆಳೆಯನ ಅಪಾರ್ಟ್‌ಮೆಂಟಿನಲ್ಲಿ. ಎಲ್ಲೋ ಸಣ್ಣಗೆ ಸೋರುತ್ತಿದ್ದ ಗಾಡಿಗೆ ವಾರಕ್ಕೊಂದು ಬಾಟಲ್ ಟ್ಯಾಂಕರ್ ನೀರು ಹಾಕುತ್ತಿದ್ವಿ. ನೀರು ಹೋಗುತ್ತಿತ್ತು, ಸುಣ್ಣ ಉಳಿಯುತ್ತಿತ್ತು. ಗಾಡಿಯದೇನೂ ತಪ್ಪಿಲ್ಲ.

“ಮುಂಚೆ ಈ ಏರಿಯಾ ಗಾಡಿಗಳು ಹಿಂಗೆ ಬರ್ತಿರಲಿಲ್ಲ ಸಾರ್,” ಅಂದರು ಮೇಸ್ತ್ರಿ, ಚಪ್ಪಟೆ ಕಂಬಿಯನ್ನು ಒಂದೊಂದೇ ಕೊಳವೆಗೆ ತೂರಿಸುತ್ತಾ. “ಆಮೇಲೆ ದೂರ ದೂರದಿಂದ ಬರೋಕೆ ಶುರುವಾದ್ವು. ರೇಡಿಯೇಟರ್ ಬಿಚ್ಚಿದ್ರೆ ಓನರ್ ಮನೆ ಕಾವೇರಿನೋ ಬೋರೋ ಹೇಳಿಬಿಡ್ತೀನಿ.”

ನನಗೆ ಆಗ ನೆನಪಾಗಿದ್ದು ದೊಡ್ಡಪ್ಪನ ಮ್ಯಾಟಡಾರ್. ತೊಂಬತ್ತರ ದಶಕದಲ್ಲಿ ತಿಪಟೂರಿಗೂ ನಮ್ಮೂರಿಗೂ ಜನ, ಕೊಬ್ಬರಿ ಮೂಟೆ ಹೊತ್ತು ಓಡಾಡುತ್ತಿದ್ದ ಗಾಡಿ. ಡ್ರೈವರಣ್ಣ ದಿನಾ ಬೆಳಿಗ್ಗೆ ಕೆರೆಯಿಂದ ಕ್ಯಾನು ತಂದು ನೀರು ನೋಡಿ ಹಾಕುತ್ತಿದ್ದ. ಕೆರೆ ಒಣಗಿದ ವರ್ಷದಿಂದ ಬೋರಿನ ನೀರು. ಅದರ ಎರಡು ವರ್ಷಕ್ಕೆ ಸಂತೆ ದಿನ, ಅರ್ಧ ದಾರಿಯಲ್ಲಿ ಹೆಡ್ ಸೀಳಿತು. ರಿಪೇರಿಗೆ ದುಡ್ಡಿರಲಿಲ್ಲ. “ನೀರು ನೋಡ್ಕೊಳ್ಳಕ್ಕಾಗಲ್ವೇನೋ ನಿಂಗೆ” ಅಂತ ದೊಡ್ಡಪ್ಪ ಹತ್ತು ಜನರ ಮುಂದೆ ಬೈದು, ಆ ತಿಂಗಳ ಸಂಬಳವನ್ನೂ ಹಿಡಿದು ಕಳಿಸಿದರು. ಅವನು ಊರು ಬಿಟ್ಟ. ಮನೆಯಲ್ಲಿ ಇವತ್ತಿಗೂ ಯಾರಾದರೂ ಕೆಲಸದಲ್ಲಿ ಉದಾಸೀನ ಮಾಡಿದರೆ ಅವನ ಹೆಸರು ತೆಗೀತಾರೆ.

ಆ ಗಾಡಿ ಗುಜರಿಗೆ ಹೋಗಿ ಎಷ್ಟೋ ವರ್ಷ ಆಯಿತು, ಕೊಳವೆ ಬಿಚ್ಚಿ ನೋಡೋಕಾಗಲ್ಲ. ಆದರೂ ರಾತ್ರಿ ಫೋನ್ ಮಾಡಿ ದೊಡ್ಡಪ್ಪನಿಗೆ ಸುಣ್ಣದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಂಗಾದ್ರೆ ಅವನು ದಿನಾ ಹಾಕಿದ್ದೇ ತಪ್ಪಾಯ್ತಾ?” ಅಂದರು. ಅವನ ತಪ್ಪಲ್ಲ ದೊಡ್ಡಪ್ಪ, ನೀರಿಂದು ಅಂದೆ.

“ಅವನು ಎಲ್ಲವ್ನೆ ನೋಡು ಮಗಾ. ಒಂದು ತಿಂಗಳದ್ದು ಕೊಡೋದಿತ್ತು.”

ವ್ಯಾನಿಗೆ ಈಗ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ ಹಾಕಿದ್ದೀವಿ. ಖರ್ಚು 3,200. ಡ್ರೈವರಣ್ಣ ಚಾಮರಾಜಪೇಟೆ ಕಡೆ ಯಾವುದೋ ಲಾರಿ ಆಫೀಸಿನಲ್ಲಿದ್ದ ಅಂತ ಊರಲ್ಲಿ ಹೇಳ್ತಾರೆ. ಎರಡು ಶನಿವಾರ ಆ ಬೀದಿಗಳಲ್ಲಿ ಕೇಳಿಕೊಂಡು ಬಂದೆ. ಒಬ್ಬರು, ತಿಪಟೂರಿನ ಕಡೆಯವರಾ, ಮುಂದಿನ ವಾರ ಬನ್ನಿ, ವಿಚಾರಿಸಿ ಇಡ್ತೀನಿ ಅಂದಿದ್ದಾರೆ.