ಚಾರಣದ ದಾರಿಗೊಂದು ನಿರ್ವಹಣಾ ಯೋಜನೆ: ಮುಡಬಿಯಲ್ಲಿ ಮೊದಲ ಪ್ರಶ್ನೆಯೇ ಬೇರೆ

2024ರ ಗಣರಾಜ್ಯೋತ್ಸವ ಶುಕ್ರವಾರ ಬಂತು, ಒಟ್ಟಿಗೆ ಮೂರು ದಿನ ರಜೆ. ಕುಮಾರ ಪರ್ವತ ಹತ್ತಲು ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೊಗಳು ಎಲ್ಲರ ಮೊಬೈಲಿಗೂ ಬಂದವು. ಅರಣ್ಯ ಸಚಿವ ಈಶ್ವರ ಖಂಡ್ರೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿಸಿದರು. ಅದೇ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಶುರುವಾಯ್ತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು.

ಖಂಡ್ರೆ ಭಾಲ್ಕಿಯ ಶಾಸಕರು, ಅಂದ್ರೆ ಬೀದರ್ ಜಿಲ್ಲೆಯವರೇ. ಆದರೆ ಈ ವ್ಯವಸ್ಥೆ ಅವರ ಜಿಲ್ಲೆಯ ಬಯಲಿಗೆ ಹೊಂದುವಂಥದ್ದಲ್ಲ. ಕಾಡಿನಲ್ಲಿ ಒಡೆಯ ಒಬ್ಬನೇ: ಅರಣ್ಯ ಇಲಾಖೆ. ಗೇಟು ಹಾಕಿ, ಟಿಕೆಟ್ ಹರಿದರೆ ಅರ್ಧ ಕೆಲಸ ಮುಗೀತು. ಬಯಲಿನಲ್ಲಿ ಗೇಟು ಹಾಕೋದೆಲ್ಲಿ?

ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಿಂದ ಒಂದು ನಡಿಗೆ ದಾರಿ ಮಾಡಬೇಕು ಅಂತಿಟ್ಟುಕೊಳ್ಳಿ. ನೋಡಲು ಕೊರತೆಯಿಲ್ಲ. ಕಲ್ಯಾಣ ಚಾಲುಕ್ಯರ ರಾಜಧಾನಿಯ ಕೋಟೆ ಇದೆ, ನಾರಾಯಣಪುರದ ಶಿವ ದೇಗುಲ ಇದೆ. ಹುಮನಾಬಾದ್ ಕಡೆಗೆ ಹೋದರೆ ಜಲಸಂಗಿ. ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿಗೆ ಬರೆಯುತ್ತ ನಿಂತ ಶಿಲಾಬಾಲಿಕೆ ಅಲ್ಲಿನ ಗೋಡೆಯ ಮೇಲಿದ್ದಾಳೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದ ಮೇಲೆ ಹುಮನಾಬಾದಿಗೆ ರೈಲಿನಲ್ಲೂ ಬರಬಹುದು. ಇವುಗಳ ನಡುವೆ ಇರೋದು ಹೊಲ. ತೊಗರಿ, ಸೋಯಾ, ಕಡಲೆ ಬೆಳೆಯುವ ನೂರಾರು ರೈತರ ಹೊಲ.

ಹಾಗಾಗಿ ಇಲ್ಲಿ ಯೋಜನೆಯ ಮೊದಲ ಅಧ್ಯಾಯ ಫಲಕ, ಬೆಂಚು, ಸೆಲ್ಫಿ ಪಾಯಿಂಟ್ ಅಲ್ಲ. ದಾರಿ ಯಾರದ್ದು ಅನ್ನೋದು. ಇದಕ್ಕೆ ಉತ್ತರ ಗ್ರಾಮ ನಕಾಶೆಯಲ್ಲಿದೆ. ಒಂಟಿ ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿದಾರಿ. ಇನ್ನೊಬ್ಬರ ಆಸ್ತಿಯಲ್ಲದ ಸಾರ್ವಜನಿಕ ದಾರಿ, ಹಳ್ಳ, ಕೆರೆಗಳು ಸರ್ಕಾರದ್ದು ಎನ್ನುತ್ತದೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ. ನಕಾಶೆಯಲ್ಲಿರುವ ದಾರಿ ನೆಲದ ಮೇಲೆ ಇರುತ್ತೆ ಅಂತೇನಿಲ್ಲ ಬಿಡಿ. ಎಷ್ಟೋ ಬಂಡಿದಾರಿ ಎರಡೂ ಬದಿಯಿಂದ ಒಂದೊಂದು ಸಾಲು ಉತ್ತು ಉತ್ತು ಬದುವಿನಷ್ಟಾಗಿದೆ. ಅಳತೆ ಮಾಡಿಸದೆ ನಡೆಯೋರನ್ನ ಕರೆದುಕೊಂಡು ಬಂದರೆ, ಅಣ್ಣತಮ್ಮಂದಿರ ಹಳೇ ತಕರಾರಿನ ಮಧ್ಯೆ ಅವರನ್ನ ನಿಲ್ಲಿಸಿದ ಹಾಗೆ. ನಕಾಶೆಯಲ್ಲಿ ಇಲ್ಲದ ಕಡೆ ರೈತನ ಜೊತೆ ಲಿಖಿತ ಒಪ್ಪಂದ ಬೇಕು: ಎಷ್ಟು ಅಗಲ, ಯಾವ ತಿಂಗಳು, ಬೆಳೆ ತುಳಿದರೆ ಪರಿಹಾರ ಕೊಡೋರು ಯಾರು.

ಇಂಗ್ಲೆಂಡ್ ಈ ಜಗಳವನ್ನು ಬಗೆಹರಿಸಿಕೊಂಡ ರೀತಿ ಗಮನಿಸಬೇಕಾದ್ದು. 1949ರ ಕಾಯ್ದೆಯಡಿ ಅಲ್ಲಿ ಕಾಲುದಾರಿಗಳ ಅಧಿಕೃತ ನಕ್ಷೆ ತಯಾರಾಯ್ತು. 1990ರ ಕಾಯ್ದೆ ಇನ್ನೂ ಜಾಣತನದ್ದು. ಹೊಲದ ನಡುವೆ ಹಾಯುವ ಕಾಲುದಾರಿಯನ್ನು ರೈತ ಉಳಬಹುದು, ಆದರೆ ಬಿತ್ತನೆಗೆ ಮೊದಲ ಸಲ ಉತ್ತ 14 ದಿನದೊಳಗೆ ಮತ್ತೆ ನಡೆಯುವಂತೆ ಮಾಡಿಕೊಡಬೇಕು. ದಾರಿಯೂ ಉಳೀತು, ಬೇಸಾಯವೂ ನಿಲ್ಲಲಿಲ್ಲ.

ಎರಡನೆಯದು ಪಂಚಾಂಗ. ಮಳೆಗಾಲದಲ್ಲಿ ಎರೆ ಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತೆ. ಏಪ್ರಿಲ್, ಮೇ ಬಿಸಿಲಿನ ಮಾತೇ ಬೇಡ. ನಡೆಯಲು ಉಳಿಯೋದು ನವೆಂಬರ್‌ನಿಂದ ಫೆಬ್ರುವರಿ. ತೊಗರಿ ಕೊಯ್ದು ರಾಶಿ ಮಾಡೋದೂ ಡಿಸೆಂಬರ್, ಜನವರಿಯಲ್ಲೇ. ದತ್ತ ಜಯಂತಿಗೆ ಮಾಣಿಕನಗರದ ಜಾತ್ರೆ ಸೇರುವುದೂ ಆಗಲೇ. ಅಂದರೆ ಬರೋರು ಹೆಚ್ಚಾಗುವ ಹೊತ್ತಿಗೇ ರೈತನಿಗೆ ಅವರನ್ನು ನೋಡಲು ಪುರುಸೊತ್ತಿರಲ್ಲ. ‘ವರ್ಷವಿಡೀ ತೆರೆದಿರುತ್ತದೆ’ ಎಂದು ಬರೆದ ಯೋಜನೆ ಈ ಹೊಲಗಳನ್ನು ನೋಡದೆ ಬರೆದದ್ದು. ರಾಶಿಯ ವಾರಗಳಲ್ಲಿ ಹೊಲದೊಳಗಿನ ತುಂಡುಗಳನ್ನು ಮುಚ್ಚಿ, ಜನರನ್ನು ಊರಿನ ರಸ್ತೆಗೆ ತಿರುಗಿಸಬೇಕಾಗುತ್ತೆ.

ಸ್ಮಾರಕಗಳ ಬಳಿ ಇನ್ನೊಂದು ತೊಡಕು. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್‌ನಲ್ಲಿ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ನಲ್ಲಿ ಅನುಮತಿ ಬೇಕು. ಶೌಚಾಲಯ, ನೀರಿನ ಟ್ಯಾಂಕ್ ಎಲ್ಲಿ ಅನ್ನೋದನ್ನ ಕಾಮಗಾರಿ ಟೆಂಡರ್‌ಗೆ ಮೊದಲೇ ನಿರ್ಧರಿಸಬೇಕು.

ಉಳಿದದ್ದು ದುಡ್ಡು ಮತ್ತು ಉಸ್ತುವಾರಿ. ಪ್ರವಾಸೋದ್ಯಮ ಇಲಾಖೆ, ಬಸವಕಲ್ಯಾಣ ಅಭಿವೃದ್ಧಿ ಮಂಡಳಿ, ಗ್ರಾಮ ಪಂಚಾಯಿತಿಗಳು, ಎಲ್ಲರಿಗೂ ಸ್ವಲ್ಪ ಸ್ವಲ್ಪ ಸೇರಿದ್ದು ಅಂದ್ರೆ ಯಾರಿಗೂ ಸೇರದ್ದು. ಉದ್ಘಾಟನೆಗೆ ಹಣ ಸಿಗುತ್ತೆ, ಮೂರನೇ ವರ್ಷ ಜಾಲಿ ಕಡಿಯಲು ಸಿಗಲ್ಲ. ಮುಡಬಿಯ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟು: ದಾರಿಯ ಪ್ರತಿ ತುಂಡಿಗೂ ಒಂದು ಪಂಚಾಯಿತಿ ಹೊಣೆಯಾಗಲಿ, ಬಂದ ಶುಲ್ಕದ ಪಾಲು ಆ ಪಂಚಾಯಿತಿಗೇ ಹೋಗಲಿ, ವರ್ಷಕ್ಕೆರಡು ಸಲ ಗ್ರಾಮಸಭೆಯಲ್ಲಿ ಲೆಕ್ಕ ಓದಲಿ. ಕೆಲಸ ಶುರುವಾಗಬೇಕಾದ್ದು ಭೂಮಾಪನ ಇಲಾಖೆಯಿಂದ ಊರೂರಿನ ನಕಾಶೆಯ ಪ್ರತಿ ತಂದು, ಬಿತ್ತನೆಗೆ ಮುಂಚೆ ಹೊಲ ಖಾಲಿ ಇರುವಾಗ ರೈತರ ಜೊತೆಗೇ ಅದನ್ನು ನಡೆದು ನೋಡುವುದರಿಂದ.