ಉಗ್ರಾಣದ ಮೂಲೆಯಲ್ಲಿದ್ದ ಎಂಜಿನು

ಸಕಲೇಶಪುರದಿಂದ ಬಿಸಿಲೆಯ ಕಡೆಗೆ ಹೋಗುವ ಹಾದಿಯಲ್ಲಿ, ಕಾಫಿತೋಟವೊಂದರ ಕಣದ ಅಂಚಿಗೆ, ಹೆಂಚಿನ ಮಾಡಿನ ಕೆಳಗೆ ಒಂದು ಜೀಪು ಏಳೆಂಟು ಮಳೆಗಾಲಗಳಿಂದ ನಿಂತಿದೆ. ಅದನ್ನು ಕೊಳ್ಳಬಹುದೆ, ಕೊಂಡರೆ ದುರಸ್ತಿಗೆ ತಗಲುವ ವೆಚ್ಚಕ್ಕೂ ಶ್ರಮಕ್ಕೂ ಅದು ಪಾತ್ರವೆ ಎಂಬ ವಿಚಾರ ಕೆಲವು ವಾರಗಳಿಂದ ನನ್ನ ಮನಸ್ಸನ್ನು ಹಿಡಿದುಕೊಂಡಿದೆ. ಎತ್ತು ಕೊಳ್ಳಹೋದವನು ಹಲ್ಲು ಹಿಡಿದು ನೋಡುವುದರ ಜೊತೆಗೆ ಅದು ಯಾವ ಸೀಮೆಯ ತಳಿಯೆಂದು ಕೇಳುವಂತೆ, ಈ ವಾಹನದ ಪೂರ್ವೋತ್ತರವನ್ನೂ ವಿಚಾರಿಸಿ ತಿಳಿಯುವುದು ನ್ಯಾಯವೆಂದು ನನಗೆ ತೋರಿತು.

1940ರ ಬೇಸಗೆಯಲ್ಲಿ, ಫ್ರಾನ್ಸ್ ದೇಶವು ಜರ್ಮನಿಗೆ ಸೋತು ಯುದ್ಧದ ಉರಿ ದಿಕ್ಕುದಿಕ್ಕಿಗೆ ಹರಡುತ್ತಿದ್ದಾಗ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹರಿಯುವಂಥ ಹಗುರವಾದ ಗಾಡಿಯೊಂದು ಬೇಕೆಂದು ಅಮೆರಿಕದ ಸೈನ್ಯವು 135 ತಯಾರಕರಿಗೆ ಓಲೆ ಕಳುಹಿಸಿತು. ಮೊದಲ ಮಾದರಿಯನ್ನು 49 ದಿನಗಳೊಳಗೆ ಒಪ್ಪಿಸತಕ್ಕದ್ದೆಂಬ ನಿಬಂಧನೆಗೆ ಒಪ್ಪಿ ಮುಂದೆ ಬಂದುದು ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನಲ್ಲಿ ಕಷ್ಟದಿಂದ ಕಾಲ ನೂಕುತ್ತಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಸಂಸ್ಥೆ. ಕಾರ್ಲ್ ಪ್ರಾಬ್ಸ್ಟ್ ಎಂಬ ಶಿಲ್ಪಿಯು ಎರಡೇ ದಿನಗಳಲ್ಲಿ ನಕ್ಷೆಯನ್ನು ಬರೆದು ಮುಗಿಸಿದನು. ಕೈಯಿಂದಲೇ ತಟ್ಟಿ ಜೋಡಿಸಿದ ಆ ಗಾಡಿ ಸೆಪ್ಟೆಂಬರ್ 23ರಂದು, ಗಡುವಿಗೆ ಇನ್ನು ಅರ್ಧ ಗಂಟೆಯಿದೆಯೆನ್ನುವಾಗ, ಬಾಲ್ಟಿಮೋರಿನ ಹೋಲಾಬರ್ಡ್ ಶಿಬಿರವನ್ನು ತಲಪಿತು.

ಆದರೆ ಈ ಸಂಸ್ಥೆ ಅಷ್ಟು ಗಾಡಿಗಳನ್ನು ಒದಗಿಸಲಾರದೆಂದು ಬಗೆದ ಸೈನ್ಯಾಧಿಕಾರಿಗಳು ಅದರ ನಕ್ಷೆಗಳನ್ನು ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳವರ ಕೈಗೂ ಕೊಟ್ಟರು. 60 ಅಶ್ವಶಕ್ತಿಯ ವಿಲ್ಲಿಸ್ ಎಂಜಿನು ಉಳಿದೆರಡಕ್ಕಿಂತ ಬಲವಾಗಿದ್ದುದರಿಂದ ಪಣ ಅದಕ್ಕೆ ಸಂದಿತು. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ 6,00,000ಕ್ಕೂ ಮಿಕ್ಕ ಜೀಪುಗಳು ಹೊರಬಿದ್ದುವು. ಹೆತ್ತ ಬ್ಯಾಂಟಮ್ಮಿನ ಪಾಲಿಗೆ ಉಳಿದುದು ಆ ಜೀಪುಗಳ ಹಿಂದೆ ಕಟ್ಟುವ ಟ್ರೈಲರುಗಳನ್ನು ಮಾಡಿಕೊಡುವ ಕೆಲಸ. ಜೀಪಿನ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುವ ಸಂಗತಿ ಇದು.

ಇತ್ತ ಘಟ್ಟದ ಸೀಮೆಯಲ್ಲಿ ಸಾಗಣೆಯೆಂದರೆ ಎತ್ತಿನ ಗಾಡಿಯೇ ಆಗಿತ್ತು. ಮಲೆನಾಡಿನ ತಂಪಿನಲ್ಲಿ ಚೆನ್ನಾಗಿ ಒಣಗದ ಕಾಫಿಯನ್ನು ಗಾಡಿಗಳ ಸಾಲುಗಳು ಘಟ್ಟವಿಳಿಸಿ ಮಂಗಳೂರಿನ ಕ್ಯೂರಿಂಗ್ ಮನೆಗಳಿಗೆ ಮುಟ್ಟಿಸುತ್ತಿದ್ದುವು. ಆ ದಾರಿ ಬೇಸಗೆಯದು. ಮುಂಗಾರು ಹಿಡಿಯಿತೆಂದರೆ ತೋಟದಿಂದ ಪೇಟೆಗಿರುವ ಹತ್ತು ಮೈಲಿಯೂ ದೇಶಾಂತರವಾಗುತ್ತಿತ್ತು. ಕೆಮ್ಮಣ್ಣಿನ ಏರಿನಲ್ಲಿ ಗಾಡಿಯ ಚಕ್ರ ಅಚ್ಚಿನವರೆಗೆ ಹೂತುಕೊಳ್ಳುತ್ತಿತ್ತು, ಹಿಂದಿನ ಚಕ್ರಗಳ ಬಲವೊಂದನ್ನೇ ನಂಬಿದ ಮೋಟಾರು ಕಾರು ಇದ್ದಲ್ಲಿಯೇ ಗಿರಗಿರನೆ ತಿರುಗಿ ಕೆಸರನ್ನು ಹಿಂದಕ್ಕೆ ಚಿಮ್ಮುತ್ತಿತ್ತು. ಯುದ್ಧ ಮುಗಿದ ಮೇಲೆ ಈ ಹಾದಿಗಳಿಗೆ ಬಂದ, ಮಿಲಿಟರಿಯವರು ವಿಲೆ ಮಾಡಿದ ಜೀಪುಗಳನ್ನು ಜನ ‘ಡಿಸ್ಪೋಸಲ್ ಗಾಡಿ’ಯೆಂದು ಕರೆದರು, ಹಿರಿಯರ ಬಾಯಿಯಲ್ಲಿ ಆ ಹೆಸರನ್ನು ನಾನು ಹುಡುಗನಾಗಿದ್ದಾಗ ಕೇಳಿದ್ದೇನೆ.

ನಮ್ಮ ದೇಶದಲ್ಲಿಯೇ ಜೀಪು ಜೋಡಿಸುವ ಉದ್ಯಮದ ಕಥೆಗೆ ದೇಶ ವಿಭಜನೆಯ ನೆರಳೂ ತಾಕಿದೆ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಮಹೀಂದ್ರ ಸಹೋದರರು ಮಲಿಕ್ ಗುಲಾಂ ಮುಹಮ್ಮದರೊಡನೆ ಕಟ್ಟಿದ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮುಹಮ್ಮದ್ ಎಂದಿತ್ತು. ಪಾಲುದಾರರಾದ ಮುಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಆ ರಾಷ್ಟ್ರದ ಮೊದಲ ಹಣಕಾಸಿನ ಮಂತ್ರಿಯಾದರು, 1948ರಲ್ಲಿ ಸಂಸ್ಥೆ ಮಹೀಂದ್ರ ಅಂಡ್ ಮಹೀಂದ್ರವಾಯಿತು. ಅಮೆರಿಕದಿಂದ ಬಿಡಿಭಾಗಗಳಾಗಿ ಬಂದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಅದು ಜೋಡಿಸತೊಡಗಿತು. ಕಾಲಕ್ರಮದಲ್ಲಿ ಸಿಜೆ-3ಬಿ ಎಂಬ ಮಾದರಿ ಬಂದಿತು. ಹೊಸ ಎಂಜಿನು ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಅದಕ್ಕೆ ಎಡೆಮಾಡಿಕೊಡಲು ಬಾನೆಟ್ಟನ್ನೇ ಮೇಲೆತ್ತಿದರು. ಗದ್ದವನ್ನು ಎತ್ತಿ ನಿಂತಂತೆ ಕಾಣುವ ಅದರ ಮೋರೆಯನ್ನು ನೋಡಿದ ಮಲೆನಾಡಿಗನು ಬೇರೊಂದು ಗಾಡಿಯೆಂದು ಭ್ರಮಿಸಲಾರ. ಕಣದ ಅಂಚಿನಲ್ಲಿ ನಿಂತಿರುವುದು ಅದೇ ಮಾದರಿಯದು.

ಒಳಗೆ ಕುಳಿತರೆ ಗೇರಿನ ಕೋಲಿನ ಪಕ್ಕದಲ್ಲಿ ಎರಡು ಕಿರುಗೋಲುಗಳು ಕೈಗೆ ಸಿಗುತ್ತವೆ. ಒಂದು ಮುಂದಿನ ಆಕ್ಸಲಿಗೆ ಬಲವನ್ನು ಕೂಡಿಸತಕ್ಕದ್ದು. ಇನ್ನೊಂದು ಹೈ, ಲೋ ಎಂಬ ಎರಡು ನಡೆಗಳನ್ನು ಬದಲಿಸತಕ್ಕದ್ದು. ಮುಂದಿನ ಆಕ್ಸಲು ಕೂಡಿಕೊಂಡ ಹೊರತು ಲೋ ಬೀಳದಂತೆ ಒಳಗೆ ಕಟ್ಟುಮಾಡಿದ್ದಾರೆ. ಏಕೆಂದರೆ ಲೋ ನಡೆಯಲ್ಲಿ ಇಮ್ಮಡಿಗೂ ಮಿಕ್ಕು ಹುಟ್ಟುವ ತಿರುಚುವ ಬಲವನ್ನು ಹಿಂದಿನ ಆಕ್ಸಲೊಂದೇ ಹೊರಬೇಕಾದರೆ ಅದು ಮುರಿದೀತು. ಈ ಎರಡು ಕೋಲುಗಳ ತುದಿಯ ಗುಂಡುಗಳು ಅಂಗೈಯ ಉಜ್ಜಿಗೆ ಸವೆದು ನುಣುಪಾಗಿರುವುದನ್ನು ಕಂಡಾಗ ನನಗೆ ಬಾಲ್ಯದ ಒಂದು ಆಷಾಢದ ರಾತ್ರಿ ನೆನಪಾಯಿತು. ತೋಟದ ಆಳುಗಳ ಲೈನ್ ಮನೆಯ ಬಸುರಿ ಹೆಂಗಸೊಬ್ಬಳನ್ನು ಇಂಥದೇ ಜೀಪಿನ ಹಿಂಬದಿಯಲ್ಲಿ ಮಲಗಿಸಿ, ನನ್ನ ತಾಯಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಹಳ್ಳದ ಬಳಿ ಡ್ರೈವರು ಗಾಡಿ ನಿಲ್ಲಿಸಿ, ಎರಡೂ ಕೋಲುಗಳನ್ನು ಒಂದಾದ ಮೇಲೊಂದು ಎಳೆದು, “ಅಮ್ಮಾ, ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದನು; ನೀರು ಪಾದದ ಹಲಗೆಯ ಮೇಲೆ ಹರಿಯುತ್ತಿದ್ದಂತೆಯೇ ಜೀಪು ಎಮ್ಮೆಯ ನಡಿಗೆಯಲ್ಲಿ ಆಚೆಯ ದಡವನ್ನೇರಿತು. ಆ ರಾತ್ರಿ ಹುಟ್ಟಿದ ಮಗು ಈಗ ಐವತ್ತರ ಗಂಡಸು. ಜೀಪನ್ನು ಯುದ್ಧದ ಗಾಡಿಯೆಂದು ಕೊಂಡಾಡಿ, ಅದಕ್ಕೆ ಮಿಲಿಟರಿಯ ಹಸಿರು ಬಳಿದು ನಕ್ಷತ್ರ ಬರೆಸುವವರನ್ನು ಕಂಡರೆ ನನಗೆ ವ್ಯಥೆಯಾಗುವುದು ಇದರಿಂದಲೇ. ನಮ್ಮ ಸೀಮೆಯಲ್ಲಿ ಅದಕ್ಕೆ ಬೇರೆಯೇ ಒಂದು ಬಾಳು ಒದಗಿತ್ತು. ಉಳಿಸುವುದಾದರೆ ಉಳಿಯಬೇಕಾದುದು ಆ ಬಾಳಿನ ಗುರುತು.

1973ರಲ್ಲಿ ಲೋಕದ ಎಣ್ಣೆಯ ಬೆಲೆ ಥಟ್ಟನೆ ಏರಿದ ಮೇಲೆ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದಂತಾಯಿತು. ತೋಟದವರು ಒಬ್ಬರಾದ ಮೇಲೊಬ್ಬರು ಹಳೆಯ ಎಂಜಿನನ್ನು ಇಳಿಸಿ ಡೀಸೆಲ್ ಎಂಜಿನನ್ನು ಕೂರಿಸಿಕೊಂಡರು. ಅವರನ್ನು ತಪ್ಪೆನ್ನಲಾಗದು, ಆ ಬದಲಾವಣೆಯಿಲ್ಲದಿದ್ದರೆ ಎಷ್ಟೋ ಜೀಪುಗಳು ಗುಜರಿಗೆ ಹೋಗುತ್ತಿದ್ದುವು. ಆದರೆ ಡೀಸೆಲಿನ ಭಾರವೂ ಅದರ ನಡುಕವೂ ಹಗುರವಾದ ಪೆಟ್ರೋಲ್ ಎಂಜಿನಿಗೆಂದು ರೂಪಿಸಿದ ಚಾಸಿಯ ಮೇಲೆ ಬಿದ್ದುವು. ಕಣದ ಜೀಪಿನಲ್ಲಿಯೂ ಹಾಗೆಯೇ ಆಗಿದೆ. ಗ್ಯಾರೇಜಿನ ಹಿರಿಯರೊಬ್ಬರು ನನ್ನೊಡನೆ ಬಂದು, ಬಾನೆಟ್ಟನ್ನು ಎತ್ತಿಯೂ ನೋಡದೆ, ಗೋಣಿಚೀಲ ಹಾಸಿ ಗಾಡಿಯ ಕೆಳಗೆ ನುಸುಳಿದರು. ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋದರು. ಖಣ್ ಖಣ್ ಎನ್ನುತ್ತಿದ್ದ ಸದ್ದು ಮುಂದಿನ ಪಟ್ಟಿಯ ಕೊಂಡಿಯ ಬಳಿಗೆ ಬಂದಾಗ ಮಂಕಾಯಿತು. ಬಣ್ಣವನ್ನು ಕೆರೆದರೆ ಅಲ್ಲಿ ಬೆರಳುದ್ದದ ಬಿರುಕು, ಅದರ ಮೇಲೆ ಹಳೆಯ ಬೆಸುಗೆಯ ಎರಡು ತೇಪೆ. “ತುಕ್ಕು ಒಳಗೆ ತಿಂದಿಲ್ಲ ಸಾರ್, ಇದನ್ನ ತೆಗೆದು ಹೊಸ ಪ್ಲೇಟ್ ಹಾಕ್ಬಹುದು. ಆದ್ರೆ ಈ ಎಂಜಿನ್ ಇದ್ರೆ ಮತ್ತೆ ಬಿಡುತ್ತೆ” ಎಂದರು.

ಆರ್‌ಸಿ ಪುಸ್ತಕವನ್ನು ತರಿಸಿ ನೋಡಿದೆ. ಡೀಸೆಲ್ ಎಂಜಿನು ಕೂರಿಸಿದ್ದನ್ನು ಅದರಲ್ಲಿ ಯಾರೂ ಬರೆಸಿರಲಿಲ್ಲ; ಕಾಗದದ ಮೇಲೆ ಈ ಗಾಡಿ ಇಂದಿಗೂ ಪೆಟ್ರೋಲಿನದೇ. ಬರೆದಿರುವ ಸಂಖ್ಯೆಯೊಂದು, ಬಾನೆಟ್ಟಿನ ಕೆಳಗಿರುವುದೊಂದಾದರೆ ರಿಜಿಸ್ಟ್ರೇಷನ್ನಿನ ನವೀಕರಣಕ್ಕೆ ಹೋದಾಗ ತಪಾಸಣೆಯಲ್ಲಿ ಗಾಡಿ ನಿಲ್ಲುವಂತಿಲ್ಲ. ಇಲ್ಲಿಗೆ ವಿಚಾರ ಮುಗಿಯಿತೆಂದು ನಾನು ಏಳುವಷ್ಟರಲ್ಲಿ ಮನೆಯ ಯಜಮಾನರು, “ಹಳೇ ಎಂಜಿನ್ ನಮ್ಮಪ್ಪ ಮಾರ್ಲಿಲ್ಲ, ಉಗ್ರಾಣದಲ್ಲೇ ಇರ್ಬೇಕು” ಎಂದರು.

ಕಾಫಿಚೀಲಗಳ ಹಿಂದೆ, ಮೆಣಸಿನ ತಟ್ಟಿಗಳ ಕೆಳಗೆ, ಗ್ರೀಸು ಬಳಿದು ಗೋಣಿ ಸುತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದ್ದ ಆ ಎಂಜಿನಿನ ಸಂಖ್ಯೆಯನ್ನು ಟಾರ್ಚಿನ ಬೆಳಕಿನಲ್ಲಿ ಓದಿ ಪುಸ್ತಕದೊಡನೆ ತಾಳೆ ನೋಡಿದೆವು, ಒಂದಂಕಿಯೂ ತಪ್ಪಲಿಲ್ಲ. ಆದರೆ ಹಿಡಿಕೆ ಹಾಕಿ ತಿರುಗಿಸಿದರೆ ಅದು ಕಲ್ಲಿನಂತೆ ಕಚ್ಚಿಕೊಂಡಿತ್ತು. ಮೆಕ್ಯಾನಿಕರು ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಆ ರಂಧ್ರಗಳಲ್ಲಿ ಎಣ್ಣೆ ಹೊಯ್ದು, ಹದಿನೈದು ದಿನ ಮುಟ್ಟಬೇಡಿರೆಂದು ಹೇಳಿ ಹೊರಟರು.

ಮೊನ್ನೆ ಭಾನುವಾರ ಮತ್ತೆ ಹೋದೆವು. ಇಬ್ಬರೂ ಸೇರಿ ಹಿಡಿಕೆಗೆ ಭುಜ ಕೊಟ್ಟು ಒತ್ತಿದಾಗ ಮೊದಲು ಏನೂ ಆಗಲಿಲ್ಲ, ಮತ್ತೊಮ್ಮೆ ಒತ್ತಿದೆವು. ಒಳಗೆಲ್ಲೋ ಕಿರಿಕ್ಕೆಂದು ಸದ್ದಾಗಿ ಹಿಡಿಕೆ ಕಾಲು ಸುತ್ತು ತಿರುಗಿತು. ಮೊದಲ ರಂಧ್ರದಿಂದ ಕಪ್ಪೆಣ್ಣೆ ನನ್ನ ಅಂಗಿಯ ಮೇಲೆ ಹಾರಿತು. ಅಂಗಿಯನ್ನು ಒರಸಿಕೊಳ್ಳದೆಯೇ ಯಜಮಾನರ ಕೈಗೆ ಮುಂಗಡ ಕೊಟ್ಟೆ.