ಕಾರಣೆಯ ಗೋಡೆ

ಯುಗಾದಿಗೆ ಇನ್ನೂ ಹದಿನೈದು ದಿನಗಳಿರುವಾಗಲೇ ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಮನೆಯ ಹಿರಿಯ ಹೆಂಗಸರು ಗೋಡೆಗಳನ್ನು ಮುಟ್ಟಿ ನೋಡುತ್ತಾ ಓಡಾಡತೊಡಗುತ್ತಿದ್ದರು. ಸುಗ್ಗಿ ಮುಗಿದು, ರಾಗಿ ಹಗೇವಿಗೆ ಸೇರಿ, ಹುಲ್ಲಿನ ಬಣವೆ ಎದ್ದು ನಿಂತ ಕಾಲವದು. ಮುಂದೆ ಯುಗಾದಿ, ಅದರ ಬೆನ್ನಿಗೆ ಊರ ಜಾತ್ರೆಗಳು, ಆಮೇಲೆ ಮದುವೆಗಳು. ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸವೆಂದರೆ ಸುಣ್ಣ ಕಾರಣೆ. ಇಂದಿನ ಮಕ್ಕಳು ಈ ಜೋಡಿಪದದಲ್ಲಿ ಸುಣ್ಣವನ್ನು ಬಲ್ಲರು; ಕಾರಣೆಯನ್ನು ಅರಿಯರು. ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನಿಂದ ಎಳೆಯುವ ಪಟ್ಟೆಯೇ ಕಾರಣೆ. ದೇವಸ್ಥಾನದ ಗೋಡೆಗೆ ಬಿಳಿ ಕೆಂಪು ಪಟ್ಟೆಗಳನ್ನು ಬಳಿಯುವುದನ್ನು ಈಗಲೂ ಕಾಣಬಹುದಾದ್ದರಿಂದ ಓದುಗರಿಗೆ ಅದರ ಕಲ್ಪನೆ ಸುಲಭವಾಗಿ ಬಂದೀತು.

ಇದರಲ್ಲಿ ಅಲಂಕಾರವಷ್ಟೇ ಅಲ್ಲ, ಉಪಯೋಗವೂ ಇದ್ದಿತು. ಬಿಳಿಯ ಸುಣ್ಣ ಬಿಸಿಲನ್ನು ಹಿಂದಕ್ಕೆ ಎಸೆದು ಮಣ್ಣಿನ ಗೋಡೆಯನ್ನು ತಂಪಾಗಿಡುತ್ತದೆ. ಅದರ ಕ್ಷಾರಗುಣ ಹುಳುಹುಪ್ಪಟೆ, ಬೂಷ್ಟುಗಳನ್ನು ದೂರವಿಡುತ್ತದೆ. ಬುಡದ ಕೆಂಪು ಪಟ್ಟೆ ಮಳೆಗಾಲದಲ್ಲಿ ಸಿಡಿಯುವ ಕೆಸರಿನ ಕಲೆಯನ್ನು ಮರೆಸುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಮೈಸೂರು ಸಂಸ್ಥಾನವೆಲ್ಲ ತತ್ತರಿಸಿದಾಗ, ಮನೆಗಳನ್ನು ಶುದ್ಧಿ ಮಾಡುವ ಕ್ರಮಗಳಲ್ಲಿ ಸುಣ್ಣಕ್ಕೂ ಸ್ಥಾನವಿದ್ದಿತು. ನಮ್ಮ ಅಜ್ಜಿಯರಿಗೆ ಇದು ಹೊಸ ಪಾಠವೇನೂ ಆಗಿರಲಿಲ್ಲ.

ನನ್ನ ತಾಯಿಯ ತವರು ಕುಣಿಗಲ್ ಸೀಮೆಯ ಒಂದು ಹಳ್ಳಿ. ಬೇಸಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಈ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸುಟ್ಟ ಸುಣ್ಣದ ಕಲ್ಲನ್ನು ಮಡಕೆಯ ನೀರಿಗೆ ಹಾಕಿದೊಡನೆ ಅದು ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಆರಿದ ಮೇಲೆ ಸೋಸಿ, ಚಿಟಿಕೆ ನೀಲಿಯನ್ನು ಸೇರಿಸಿ, ಜಜ್ಜಿದ ಕತ್ತಾಳೆ ನಾರಿನ ಕುಂಚದಿಂದ ಬಳಿಯುತ್ತಿದ್ದರು. ಇದು ಸೊಸೆಯರ, ಮೊಮ್ಮಕ್ಕಳ ಕೆಲಸ. ಕಾರಣೆ ಮಾತ್ರ ಅಜ್ಜಿಯದು. ನೆನೆಸಿದ ಕೆಮ್ಮಣ್ಣಿನಲ್ಲಿ ದಾರವನ್ನು ಅದ್ದಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ನಡುವೆ ಮೀಟಿ ಬಿಡುತ್ತಿದ್ದಳು. ಗೋಡೆಯ ಮೇಲೆ ನೇರವಾದ ಗೆರೆಯೊಂದು ಮೂಡುತ್ತಿತ್ತು. ಅದರ ಕೆಳಗೆ ಅಗಲವಾದ ಪಟ್ಟೆ, ಮೇಲೆ ಬೆರಳ ತುದಿಯಿಂದ ಇಟ್ಟ ಮೊಗ್ಗಿನ ಸಾಲು. ಹೊಲದ ಕೆಲಸಕ್ಕೆ ಶಕ್ತಿ ಸಾಲದೆ ಮನೆಯಲ್ಲಿ ಉಳಿದ ಜೀವಕ್ಕೆ ಆ ನಾಲ್ಕೈದು ದಿನ ಮನೆಯವರೆಲ್ಲ ವಿಧೇಯರಾಗಿರುತ್ತಿದ್ದರು. ಗೆರೆ ಎಷ್ಟು, ಮೊಗ್ಗು ಎಷ್ಟು ಎಂಬುದನ್ನು ಅವಳೇ ನಿರ್ಧರಿಸಬೇಕು.

ಬಯಲುಸೀಮೆಯ ಕಾರಣೆ ಸರಳವಾದದ್ದು. ಇದರ ಸಿರಿವಂತ ಬಂಧುವನ್ನು ನೋಡಬೇಕಾದರೆ ಮಲೆನಾಡಿಗೆ ಹೋಗಬೇಕು. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ದೀವರ ಹೆಂಗಸರು ಮದುವೆಯ ಸಂದರ್ಭದಲ್ಲಿ ಹಸೆಗೋಡೆಯ ಚಿತ್ತಾರವನ್ನು ಬರೆಯುತ್ತಾರೆ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳುಪು, ಹುರಿದು ಸೀಯಿಸಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಕುಂಚವೆಂದರೆ ಪುಂಡಿಯ ನಾರು. ಅಲ್ಲಿಯೂ ವಿದ್ಯೆ ಅಜ್ಜಿಯಿಂದ ಮೊಮ್ಮಗಳಿಗೆ ನೋಡುತ್ತ ನೋಡುತ್ತಲೇ ಇಳಿದುಬಂದದ್ದು.

ಗೋಡೆಯ ಅಲಂಕಾರಕ್ಕೆ ಇನ್ನೊಂದು ಅಧ್ಯಾಯವೂ ಉಂಟು. 1894ರಲ್ಲಿ ರಾಜಾ ರವಿವರ್ಮನ ಅಚ್ಚುಕೂಟ ಮುಂಬಯಿಯಲ್ಲಿ ಆರಂಭವಾದ ಮೇಲೆ ಲಕ್ಷ್ಮೀ ಸರಸ್ವತಿಯರ ಪಟಗಳು ಸಾಮಾನ್ಯರ ಮನೆಗಳನ್ನೂ ಹೊಕ್ಕವು. ಮನೆಯ ಹೆಂಗಸರು ಅವನ್ನು ಹಾಗೆಯೇ ತೂಗುಹಾಕಲಿಲ್ಲ. ದೇವಿಯ ಸೀರೆಗೆ ಜರಿಯ ಚೂರು, ಕಿರೀಟಕ್ಕೆ ಮಿಣುಕು ಬಿಲ್ಲೆಗಳನ್ನು ಅಂಟಿಸಿ, ಆಮೇಲೆ ಗಾಜು ಹಾಕಿಸಿದರು. ಬಾಗಿಲಿಗೆ ಮಣಿಯ ತೋರಣ, ಪಡಸಾಲೆಗೆ ಕಸೂತಿಯ 'ಸುಸ್ವಾಗತ' ಇವೂ ಬೇಸಗೆಯ ಮಧ್ಯಾಹ್ನಗಳ ಕೈಕೆಲಸಗಳೇ.

ಗೋಡೆಯ ವಿದ್ಯೆಯನ್ನು ಜಗತ್ತು ಗುರುತಿಸಿದ ಪ್ರಸಂಗವೊಂದನ್ನು ಇಲ್ಲಿ ನೆನೆಯಬೇಕು. 1934ರ ಭೂಕಂಪದಲ್ಲಿ ಬಿಹಾರದ ಮಿಥಿಲೆಯ ಮನೆಗಳು ಬಿರಿದು ನಿಂತಾಗ, ಡಬ್ಲ್ಯು. ಜಿ. ಆರ್ಚರ್ ಎಂಬ ಆಂಗ್ಲ ಅಧಿಕಾರಿ ಒಳಗೋಡೆಯ ಚಿತ್ರಗಳನ್ನು ಕಂಡು ಬೆರಗಾದನು. 1960ರ ದಶಕದ ಬರಗಾಲದಲ್ಲಿ ಪುಪುಲ್ ಜಯಕರ್ ಅವರು ಕಲಾವಿದ ಭಾಸ್ಕರ ಕುಲಕರ್ಣಿಯವರನ್ನು ಅಲ್ಲಿಗೆ ಕಳುಹಿಸಿ, ಗೋಡೆಯ ಚಿತ್ರವನ್ನೇ ಕಾಗದದ ಮೇಲೆ ಬರೆಯಿರೆಂದು ಹೆಂಗಸರನ್ನು ಪ್ರೋತ್ಸಾಹಿಸಿದರು. ಅವರಲ್ಲೊಬ್ಬರಾದ ಜಗದಂಬಾ ದೇವಿಯವರಿಗೆ 1975ರಲ್ಲಿ ಪದ್ಮಶ್ರೀ ಬಂದಿತು. ಯಾರೋ ಒಬ್ಬರು ಹೋಗಿ 'ನಿಮಗೆ ಏನು ಬರುತ್ತದೆ?' ಎಂದು ಕೇಳಿದ್ದರಿಂದ ಆದ ಕೆಲಸವಿದು.

ನಾನು ಮಾತ್ರ ನನ್ನ ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳಲಿಲ್ಲ. 1984ರಲ್ಲಿ, ಕೆಲಸ ಖಾಯಂ ಆದ ಹುರುಪಿನಲ್ಲಿ, ಗುಬ್ಬಿಯ ನಮ್ಮ ಹಳೆಯ ಮನೆಯ ಗೋಡೆಗಳಿಗೆ ಸಿಮೆಂಟು ಬಳಿಸಿ, ತೆಳು ಹಸಿರು ಡಿಸ್ಟೆಂಪರ್ ಹೊಡೆಸಿದೆ. ಇನ್ನು ವರ್ಷ ವರ್ಷ ಅವ್ವನಿಗೆ ಶ್ರಮವಿಲ್ಲ ಎಂಬುದು ನನ್ನ ಸಮಾಧಾನ. ಅವ್ವ ಏನೂ ಅನ್ನಲಿಲ್ಲ. ಆ ಯುಗಾದಿಯ ಹಿಂದಿನ ದಿನ ಬಟ್ಟಲಲ್ಲಿ ಕೆಮ್ಮಣ್ಣು ನೆನೆಸಿಕೊಂಡು ಪಡಸಾಲೆಗೆ ಬಂದವಳು, ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗಿ ಒಲೆಯ ಕಟ್ಟೆಗೆ ಮಾತ್ರ ಒಂದು ಗೆರೆ ಎಳೆದಳು. ನಾನು ಅದನ್ನು ಕಂಡೆ, ಅರ್ಥ ಮಾಡಿಕೊಳ್ಳಲಿಲ್ಲ. ಅರ್ಥವಾಗುವ ಹೊತ್ತಿಗೆ ಅವ್ವ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ತುಮಕೂರಿನ ಒಂದು ವೃದ್ಧಾಶ್ರಮಕ್ಕೆ, ಅಲ್ಲಿನ ಹಿರಿಯರಿಗೆ ಪತ್ರಿಕೆ ಓದಿ ಹೇಳಲೆಂದು ಹೋಗತೊಡಗಿದೆ. 2007ರ ತಂದೆ ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವಂತೆ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ವೈದ್ಯಕೀಯ ಆರೈಕೆಯ ಜೊತೆಗೇ ಮನರಂಜನೆಯ ಸಾಧನಗಳನ್ನೂ ಅದು ಹೆಸರಿಸಿದೆ. ಆ ಏಪ್ರಿಲ್‌ನಲ್ಲಿ ಕೆಲವು ಯುವಕ ಯುವತಿಯರು ಒಳ್ಳೆಯ ಮನಸ್ಸಿನಿಂದ ಬಣ್ಣದ ಕಾಗದ, ಕತ್ತರಿ, ಅಂಟು ತಂದು, 'ಬೇಸಗೆಯ ಗೋಡೆ' ಮಾಡಿಸಿದರು. ಗೋಡೆಯ ತುಂಬ ಸಮುದ್ರ ತೀರ, ಬಣ್ಣದ ಕೊಡೆ, ಹಳದಿ ಸೂರ್ಯ. ಗುಬ್ಬಿ ಕಡೆಯ ವೃದ್ಧೆಯೊಬ್ಬರು ಕೈಯಲ್ಲಿ ಕಾಗದ ಹಿಡಿದು ಸುಮ್ಮನೆ ಕುಳಿತಿದ್ದರು. ನಾನು ಹತ್ತಿರ ಹೋದೆ.

"ಮೇಷ್ಟ್ರೇ, ಸಮುದ್ರ ನಾನು ಕಂಡೋಳಲ್ಲ. ಒಂದು ಬೊಗಸೆ ಕೆಮ್ಮಣ್ಣು ಸಿಕ್ಕೀತಾ?" ಎಂದರು.

ಒಳಗಿನ ಗೋಡೆ ಕೆಡುತ್ತದೆಂದು ಮೇಲ್ವಿಚಾರಕರು ಮೊದಲು ಒಪ್ಪಲಿಲ್ಲ. ಕೊನೆಗೆ ಹಿತ್ತಿಲ ಕಡೆಯ ಜಗಲಿಯ ಗೋಡೆ ಸಿಕ್ಕಿತು. ಆಕೆಗೆ ಬಗ್ಗಲು ಆಗುತ್ತಿರಲಿಲ್ಲ; ಸ್ಟೂಲಿನ ಮೇಲೆ ಕೂರಿಸಿದೆವು. ಗಾರೆ ಕೆಲಸ ಮಾಡಿ ಬಾಳಿದ ಕುಣಿಗಲ್ ಕಡೆಯ ಹಿರಿಯರೊಬ್ಬರು ತಾವಾಗಿ ಎದ್ದು ಬಂದು ದಾರದ ಇನ್ನೊಂದು ತುದಿಯನ್ನು ಹಿಡಿದರು. ಮೊಗ್ಗಿನ ಸಾಲು ಒಂದೋ ಎರಡೋ ಎಂಬುದಕ್ಕೆ ಇಬ್ಬರಿಗೂ ಜಗಳವಾಯಿತು. "ನಮ್ಮ ಕಡೆ ಹಂಗಲ್ಲ" ಎಂದು ಅವರು, "ನಿಮ್ಮ ಕಡೇದು ನಂಗ್ಯಾಕೆ" ಎಂದು ಇವರು. ತಿಂಗಳುಗಟ್ಟಲೆ ಊಟಕ್ಕೆ ಕರೆದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಆಕೆಯ ದನಿ ಅಷ್ಟು ಗಟ್ಟಿಯಾಗಿದೆಯೆಂದು ಆಶ್ರಮದವರಿಗೆ ಗೊತ್ತೇ ಇರಲಿಲ್ಲ. ಆ ಯುವತಿಯರಲ್ಲಿ ಇಬ್ಬರು ಕತ್ತರಿ ಕೆಳಗಿಟ್ಟು ಮೊಗ್ಗು ಇಡುವುದನ್ನು ಕಲಿತರು. ಇಡೀ ಮಧ್ಯಾಹ್ನ ಕಲಿಸಿದವರು ಆಕೆಯೇ.

ಇಂಥ ಆಶ್ರಮಗಳಿಗೆ ಹೋಗುವ ಸೇವಾಸಕ್ತರಿಗೆ ಒಬ್ಬ ಹಳೆಯ ಮೇಷ್ಟರ ಎರಡು ಮಾತು. ಸುಣ್ಣವನ್ನು ಹಿರಿಯರ ಕೈಗೆ ಕೊಡಬೇಡಿರಿ. ಕಣ್ಣಿಗೂ ಚರ್ಮಕ್ಕೂ ಅಪಾಯ. ಅದನ್ನು ಮುಂಚೆಯೇ ಬಳಿದು ಒಣಗಿಸಿರಿ. ಕೆಮ್ಮಣ್ಣನ್ನು ಹಿಂದಿನ ರಾತ್ರಿ ನೆನೆಸಿಡಿರಿ. ಎಲ್ಲಕ್ಕೂ ಮೊದಲು, ಅವರಿಗೆ ಏನು ಬರುತ್ತದೆಂದು ಕೇಳಿರಿ. ಒಬ್ಬರಿಗೆ ಕಾರಣೆ, ಒಬ್ಬರಿಗೆ ಮಣಿತೋರಣ, ಇನ್ನೊಬ್ಬರಿಗೆ ಗರಿ ಹೆಣೆಯುವುದು ಬಂದೀತು.

ಆ ವರ್ಷದ ಮುಂಗಾರಿನ ಇರಚಲಿಗೆ ಜಗಲಿಯ ಪಟ್ಟೆ ಅರ್ಧ ತೊಳೆದುಹೋಯಿತು. ನಾನು ಪೇಚಾಡಿಕೊಂಡೆ. ಆಕೆ ನಕ್ಕರು: "ಹೋಗ್ಲಿ ಬಿಡಿ ಮೇಷ್ಟ್ರೇ, ಅದಿರೋದೇ ಹಂಗೆ. ಯುಗಾದಿ ಮತ್ತೆ ಬರಲ್ವಾ?"